ಕಡಲಾಚೆಗೆ ದತ್ತು: ಮೊದಲು ಯಾವ ಬಾಗಿಲು ತಟ್ಟಬೇಕು?

"ಅಕ್ಕನಿಗೆ ಇಬ್ಬರು ಮಕ್ಕಳು. ನಮಗೆ ಮಕ್ಕಳಾಗಲಿಲ್ಲ. ಚಿಕ್ಕವಳನ್ನು ನಾವೇ ದತ್ತು ತಗೊಳ್ತೀವಿ ಅಂತ ಮನೆಯಲ್ಲಿ ಮಾತಾಗಿದೆ. ಈ ಸಲ ಊರಿಗೆ ಬಂದಾಗ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಪತ್ರ ಮಾಡಿಸಿಕೊಂಡು, ಮಗುವನ್ನು ಕರೆದುಕೊಂಡು ಹೊರಟರೆ ಆಯ್ತಲ್ವಾ?"

ಹೊರದೇಶದಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಹೀಗೆ ಯೋಚಿಸುವುದು ತೀರಾ ಸಹಜ. ದತ್ತು ನಮಗೆ ಹೊಸದಲ್ಲ. ಅಣ್ಣನ ಮಗನನ್ನು ತಮ್ಮ ಸಾಕುವುದು, ತಂಗಿಯ ಮಗಳನ್ನು ಅಕ್ಕ ಮಡಿಲಿಗೆ ಹಾಕಿಕೊಳ್ಳುವುದು ತಲೆಮಾರುಗಳಿಂದ ನಡೆದಿದೆ. ಹಿರಿಯರು ಕೂತು ಒಪ್ಪಿದರೆ ಕೆಲಸ ಮುಗಿಯಿತು ಎನ್ನುವ ನಂಬಿಕೆ ಗಟ್ಟಿಯಾಗಿದೆ.

ಆದರೆ ಮಗು ಗಡಿ ದಾಟಬೇಕಾದರೆ ಇಷ್ಟು ಸಾಲದು. ಈ ಲೇಖನದಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ. ದೇಶದಿಂದ ದೇಶಕ್ಕೆ ಆಗುವ ದತ್ತಿನಲ್ಲಿ ಯಾವ ಕಾಗದ ಬೇಕು ಅನ್ನುವುದು ಎಷ್ಟು ಮುಖ್ಯವೋ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಅದಕ್ಕಿಂತ ಮುಖ್ಯ. ಕೊನೆಗೆ ಆಗಬೇಕಾದ ಕೆಲಸವನ್ನು ಪ್ರೀತಿಯ ಆತುರದಲ್ಲಿ ಮೊದಲೇ ಮಾಡಿಬಿಟ್ಟರೆ ಮಗು ಎರಡು ದೇಶಗಳ ನಡುವೆ ಸಿಕ್ಕಿಬೀಳುತ್ತದೆ. ಕಾಗದದ ಪ್ರಕಾರ ಅದಕ್ಕೆ ಅಪ್ಪ ಅಮ್ಮ ಇರುತ್ತಾರೆ. ಅವರ ಜೊತೆ ಇರಲು ಮಾತ್ರ ವೀಸಾ ಇರುವುದಿಲ್ಲ.

ಮನೆ ಒಪ್ಪಿದ ದತ್ತನ್ನು ಸರ್ಕಾರ ಒಪ್ಪದಿದ್ದರೆ ಏನಾಗುತ್ತದೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಸಾಯುವ ಮುಂಚೆ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿದ್ದ. ಮನೆತನ ಒಪ್ಪಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಮುಂದಿನದು ಚೆನ್ನಮ್ಮನ ಕಥೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಅವತ್ತು ಕಂಪನಿ ಸರ್ಕಾರದ ಕಣ್ಣು ರಾಜ್ಯದ ಮೇಲಿತ್ತು. ಇವತ್ತಿನ ನಿಯಮಗಳು ಹುಟ್ಟಿದ್ದು ಮಕ್ಕಳನ್ನು ಕಾಯಲಿಕ್ಕೆ.

ಒಂದು ಪತ್ರದಿಂದ ಶುರುವಾದದ್ದು

1980ರ ದಶಕದ ಆರಂಭದವರೆಗೆ ಭಾರತದ ಮಗುವನ್ನು ವಿದೇಶಿಯರು ದತ್ತು ಪಡೆಯಲು ಇಲ್ಲಿ ಸರಿಯಾದ ಕಾನೂನೇ ಇರಲಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟಿನಿಂದ ಪೋಷಕರೆಂದು ಅನುಮತಿ ಪಡೆದು, ಮಗುವನ್ನು ತಮ್ಮ ದೇಶಕ್ಕೆ ಕರೆದೊಯ್ದು, ಅಲ್ಲಿ ದತ್ತು ಮಾಡಿಕೊಳ್ಳುತ್ತಿದ್ದರು. ಹೋದ ಮಗು ಹೇಗಿದೆ ಎಂದು ಕೇಳುವವರು ಇರಲಿಲ್ಲ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಮಕ್ಕಳನ್ನು ವಿದೇಶಕ್ಕೆ ಕಳಿಸುವ ಸಂಸ್ಥೆಗಳಲ್ಲಿ ಅಕ್ರಮ ನಡೆಯುತ್ತಿದೆ ಎಂಬುದು ಅವರ ದೂರು. ಆ ಪತ್ರವನ್ನೇ ಕೋರ್ಟು ಅರ್ಜಿಯೆಂದು ತೆಗೆದುಕೊಂಡಿತು. 1984ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ತೀರ್ಪು ಕೊಟ್ಟಿತು. ಮೊದಲು ಮಗುವಿಗೆ ಭಾರತದಲ್ಲೇ ಮನೆ ಹುಡುಕಬೇಕು, ಆಗದಿದ್ದರೆ ಮಾತ್ರ ವಿದೇಶ. ಅದೂ ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕ, ಮನೆಯ ಪರಿಶೀಲನೆ ಆದ ಮೇಲೆ.

ಇವತ್ತಿನ ಇಡೀ ವ್ಯವಸ್ಥೆಯ ಬೇರು ಆ ತೀರ್ಪಿನಲ್ಲಿದೆ. 1990ರಲ್ಲಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ ಬಂತು. ಎಲ್ಲರೂ ಅದನ್ನು 'ಕಾರಾ' ಎನ್ನುತ್ತಾರೆ. ಅದು ಇರುವುದು ದೆಹಲಿಯಲ್ಲಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಅಡಿಯಲ್ಲಿ. 1993ರಲ್ಲಿ ಹೇಗ್ ನಗರದಲ್ಲಿ ದೇಶಗಳ ನಡುವಿನ ದತ್ತಿನ ಬಗ್ಗೆ ಒಂದು ಒಪ್ಪಂದ ಆಯಿತು. ಭಾರತ ಅದನ್ನು 2003ರಲ್ಲಿ ಅನುಮೋದಿಸಿತು. ಅಮೆರಿಕದಲ್ಲಿ ಅದು ಜಾರಿಗೆ ಬಂದದ್ದು 2008ರ ಏಪ್ರಿಲ್ 1ರಂದು. ಈಗ ನೂರಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ.

ಹೇಗ್ ಒಪ್ಪಂದದ ಸಾರ ಬಿಡಿಸಿ ನೋಡಿದರೆ ಸುಲಭ. ಮಗುವಿನ ದೇಶ ಹೇಳಬೇಕು: ಈ ಮಗುವನ್ನು ದತ್ತು ಕೊಡಬಹುದು, ಹೆತ್ತವರು ಯಾರ ಒತ್ತಾಯವೂ ಇಲ್ಲದೆ, ದುಡ್ಡಿನ ಆಸೆಯಿಲ್ಲದೆ ಒಪ್ಪಿದ್ದಾರೆ. ತಂದೆತಾಯಿ ಆಗುವವರ ದೇಶ ಹೇಳಬೇಕು: ಇವರು ಮಗು ಸಾಕಲು ಯೋಗ್ಯರು, ಮಗು ಬಂದರೆ ನಾವು ಒಳಗೆ ಬಿಟ್ಟುಕೊಳ್ಳುತ್ತೇವೆ, ಇಲ್ಲೇ ನೆಲೆಸಲು ಬಿಡುತ್ತೇವೆ. ಎರಡೂ ದೇಶಗಳು ಹೀಗೆ ಒಪ್ಪಿಕೊಂಡ ಮೇಲೇ ದತ್ತು ನಡೆಯಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. ಸಮಸ್ಯೆ ಇರುವುದೇ ಇಲ್ಲಿ.

ಭಾರತದಲ್ಲಿ ಎರಡು ಕಾನೂನು

ಗೊಂದಲಕ್ಕೆ ದೊಡ್ಡ ಕಾರಣ, ದತ್ತಿಗೆ ನಮ್ಮಲ್ಲಿ ಎರಡು ದಾರಿಗಳಿರುವುದು.

ಹಳೆಯದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಅನ್ವಯ. ಮಗುವನ್ನು ಕೊಡುವುದು, ತೆಗೆದುಕೊಳ್ಳುವುದು ನಿಜವಾಗಿ ನಡೆಯಬೇಕು. ದತ್ತ ಹೋಮ ಕಡ್ಡಾಯವಲ್ಲ. ಸಾಮಾನ್ಯವಾಗಿ ಮಗುವಿಗೆ 15 ವರ್ಷ ತುಂಬಿರಬಾರದು. ಮನೆಯಲ್ಲಿ ಗಂಡು ಮಗು ಇರುವವರು ಗಂಡನ್ನು, ಹೆಣ್ಣು ಮಗು ಇರುವವರು ಹೆಣ್ಣನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ತಾಯಿ ಗಂಡು ಮಗುವನ್ನೋ ತಂದೆ ಹೆಣ್ಣು ಮಗುವನ್ನೋ ತೆಗೆದುಕೊಂಡರೆ ನಡುವೆ ಕನಿಷ್ಠ 21 ವರ್ಷದ ಅಂತರ ಬೇಕು. ನಾವು 'ದತ್ತು ಪತ್ರ' ಎನ್ನುವುದು ಈ ಕಾಯ್ದೆಯ ದಾಖಲೆಯನ್ನು.

ಹೊಸದು 2015ರ ಬಾಲನ್ಯಾಯ ಕಾಯ್ದೆ. ಇದಕ್ಕೆ ಜಾತಿ ಧರ್ಮದ ಹಂಗಿಲ್ಲ. ಮುಸ್ಲಿಮರು, ಕ್ರೈಸ್ತರು, ಪಾರ್ಸಿಗಳೂ ಇದರಡಿ ದತ್ತು ಪಡೆಯಬಹುದು. ಯಾವುದೇ ಧರ್ಮದವರು ಬಾಲನ್ಯಾಯ ಕಾನೂನಿನಡಿ ದತ್ತು ಪಡೆಯಬಹುದು ಎಂದು 2014ರಲ್ಲೇ ಶಬನಮ್ ಹಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತ್ತು. ದೇಶದಾಚೆಗಿನ ದತ್ತಿನ ವಿವರವೆಲ್ಲ ಈ ಕಾಯ್ದೆಯಲ್ಲಿ ಮತ್ತು 2022ರ ಸೆಪ್ಟೆಂಬರಿನಲ್ಲಿ ಬಂದ ದತ್ತು ನಿಯಮಗಳಲ್ಲಿದೆ. ಮೊದಲು ದತ್ತು ಆದೇಶವನ್ನು ಕೋರ್ಟು ಕೊಡುತ್ತಿತ್ತು. 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ನಮ್ಮ ಕರ್ನಾಟಕದಲ್ಲಿ ಜಿಲ್ಲಾಧಿಕಾರಿಗೆ ಬಂದಿದೆ. ಅರ್ಜಿ ಸಲ್ಲಿಸಿದ ಎರಡು ತಿಂಗಳೊಳಗೆ ಆದೇಶ ಕೊಡಬೇಕು ಎನ್ನುತ್ತದೆ ಕಾನೂನು.

ಹಿಂದೂ ಕಾಯ್ದೆಯಡಿ ದತ್ತು ಮಾಡಿಕೊಂಡು ಮಗುವನ್ನು ಹೊರದೇಶಕ್ಕೆ ಕರೆದೊಯ್ಯಲು ಹೊರಟವರು ವರ್ಷಗಟ್ಟಲೆ ಪರದಾಡಿದ್ದಾರೆ. ಕಾರಾ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಎನ್ನುವ ಪತ್ರ, ಕೊಡದೆ ಮಗುವಿಗೆ ಹೊರಡಲು ಆಗುತ್ತಿರಲಿಲ್ಲ. ಹಿಂದೂ ಕಾಯ್ದೆಯ ದತ್ತು ಕಾರಾದ ವ್ಯಾಪ್ತಿಯಲ್ಲೇ ಇರಲಿಲ್ಲ. ಈ ಕಗ್ಗಂಟು ಬಿಡಿಸಲು 2021ರ ಸೆಪ್ಟೆಂಬರಿನಲ್ಲಿ ನಿಯಮ ತಿದ್ದಿದರು. ಈಗ ಜಿಲ್ಲಾಧಿಕಾರಿ ಆ ದತ್ತನ್ನು ಪರಿಶೀಲಿಸಿ ವರದಿ ಕೊಡಬೇಕು. ಮಗು ಹೋಗಲಿರುವ ದೇಶದ ಒಪ್ಪಿಗೆಯೂ ಬೇಕು. ಇವೆರಡೂ ಇದ್ದರೆ ಕಾರಾ ಎನ್‌ಒಸಿ ಕೊಡಬಹುದು. ಬಾಗಿಲು ತೆರೆದಿದೆ, ನಿಜ. ಆದರೆ ಆ ದೇಶ ಒಪ್ಪದಿದ್ದರೆ ಪತ್ರ ಕೈಯಲ್ಲಿದ್ದೂ ಉಪಯೋಗಕ್ಕೆ ಬಾರದು.

'ಸಂಬಂಧಿ' ಅಂದರೆ ಯಾರು?

ನಮ್ಮ ಕಡೆ ಅಮ್ಮನ ದೊಡ್ಡಪ್ಪನ ಮಗನೂ ಮಾವನೇ. ಅಪ್ಪನ ಚಿಕ್ಕಪ್ಪನ ಮಗಳೂ ಅತ್ತೆಯೇ. ಕಾನೂನಿಗೆ ಹಾಗಲ್ಲ. ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವಿನ ಸಂಬಂಧಿ ಎಂದರೆ ತಂದೆಯ ಅಥವಾ ತಾಯಿಯ ಒಡಹುಟ್ಟಿದವರು, ಅಂದರೆ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮ. ಜೊತೆಗೆ ಎರಡೂ ಕಡೆಯ ಅಜ್ಜ ಅಜ್ಜಿ. ಅಷ್ಟೇ. ದಾಯಾದಿಗಳು, ದೂರದ ನೆಂಟರು, "ಒಂದೇ ಮನೆಯವರಂತೆ ಇದ್ದೇವೆ" ಎನ್ನುವ ಸ್ನೇಹಿತರು ಯಾರೂ ಇದರಲ್ಲಿ ಬರುವುದಿಲ್ಲ. ಎಷ್ಟೋ ಕುಟುಂಬಗಳ ಲೆಕ್ಕ ಇಲ್ಲೇ ತಪ್ಪುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಿಪಟೂರಿನಲ್ಲಿ ಅಕ್ಕ, ಡಲ್ಲಾಸಿನಲ್ಲಿ ತಂಗಿ. ತಂಗಿ ಮತ್ತು ಅವಳ ಗಂಡ ಅಮೆರಿಕದ ಪೌರರು. ಅಕ್ಕನ ಆರು ವರ್ಷದ ಮಗಳನ್ನು ದತ್ತು ಪಡೆಯಬೇಕು. ಅವರು ಮೊದಲು ತಟ್ಟಬೇಕಾದ ಬಾಗಿಲು ತಿಪಟೂರಿನದಲ್ಲ, ಡಲ್ಲಾಸಿನದು. ಅಲ್ಲಿ ಮಾನ್ಯತೆ ಪಡೆದ ದತ್ತು ಏಜೆನ್ಸಿಯ ಹತ್ತಿರ ಹೋಗಬೇಕು. ಏಜೆನ್ಸಿಯವರು ಮನೆಗೆ ಬಂದು ಹೋಮ್ ಸ್ಟಡಿ ಮಾಡುತ್ತಾರೆ. ಆದಾಯ, ಆರೋಗ್ಯ, ದಾಂಪತ್ಯ, ಪೊಲೀಸ್ ದಾಖಲೆ, ಮಗುವಿಗಿರುವ ಜಾಗ, ಎಲ್ಲ ನೋಡುತ್ತಾರೆ. ಇವರು ದತ್ತು ಪಡೆಯಲು ಯೋಗ್ಯರು ಎಂಬ ಒಪ್ಪಿಗೆಗಾಗಿ ಅಮೆರಿಕದ ವಲಸೆ ಇಲಾಖೆಗೆ ಐ-800ಎ ಎಂಬ ಅರ್ಜಿ ಹೋಗುತ್ತದೆ. ಏಜೆನ್ಸಿ ಕೇರಿಂಗ್ಸ್ ಎಂಬ ಕಾರಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸುತ್ತದೆ.

ಆಮೇಲೆ ಇಲ್ಲಿನ ಕೆಲಸ. ತುಮಕೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಅಕ್ಕನ ಮನೆಗೆ ಹೋಗಿ ಕುಟುಂಬದ ಹಿನ್ನೆಲೆಯ ವರದಿ ಬರೆಯುತ್ತಾರೆ. ಯಾಕೆ ಕೊಡುತ್ತಿದ್ದೀರಿ, ಯಾರಾದರೂ ಒತ್ತಾಯ ಮಾಡಿದರಾ, ದುಡ್ಡು ಕೈ ಬದಲಾಯಿತಾ, ಎಲ್ಲವನ್ನೂ ಕೇಳುತ್ತಾರೆ. ಮಗುವಿಗೆ ಐದು ವರ್ಷ ಆಗಿದ್ದರೆ ಅದರ ಒಪ್ಪಿಗೆಯೂ ಬೇಕು. ಈ ನಿಯಮ ನನಗೆ ತುಂಬ ಇಷ್ಟ. ದೊಡ್ಡವರೆಲ್ಲ ಕೂತು ಮಾತಾಡಿ ಮುಗಿಸಿದ ಮೇಲೆ ಒಬ್ಬ ಅಧಿಕಾರಿ ಬಂದು ಆ ಪುಟ್ಟಿಯನ್ನೇ ಕೇಳುತ್ತಾರೆ, "ನಿನಗೆ ಹೋಗೋಕೆ ಇಷ್ಟಾನಾ?" ಎಷ್ಟು ಮನೆಗಳಲ್ಲಿ ಈ ಪ್ರಶ್ನೆಯನ್ನು ಅದಕ್ಕೆ ಮೊದಲು ಯಾರಾದರೂ ಕೇಳಿರುತ್ತಾರೆ?

ಹೆತ್ತವರು ತೀರಿಕೊಂಡಿದ್ದರೆ ಅಥವಾ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಮಗುವನ್ನು ನೋಡಿಕೊಳ್ಳುವ ಪೋಷಕರು ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಪಡೆಯಬೇಕು. ತುಮಕೂರಿನ ವರದಿ ಕಾರಾ ಮೂಲಕ ಅಮೆರಿಕಕ್ಕೆ ಹೋಗುತ್ತದೆ. ಅಲ್ಲಿಂದ ಒಪ್ಪಿಗೆ ಬಂದ ಮೇಲೆ ಕಾರಾ ಪೂರ್ವಾನುಮತಿ ಕೊಡುತ್ತದೆ. ಆಗ ಜಿಲ್ಲಾಧಿಕಾರಿಗೆ ಅರ್ಜಿ, ದತ್ತು ಆದೇಶ, ಕಾರಾದ ಎನ್‌ಒಸಿ, ಹೇಗ್ ಒಪ್ಪಂದದ ಪ್ರಕಾರವೇ ದತ್ತು ನಡೆದಿದೆ ಎನ್ನುವ ಪ್ರಮಾಣಪತ್ರ, ಮಗುವಿನ ಪಾಸ್‌ಪೋರ್ಟು, ವೀಸಾ. ಸರಪಳಿ ಉದ್ದ ಇದೆ. ಒಂದು ಕೊಂಡಿ ತಪ್ಪಿದರೂ ಮುಂದಿನದು ಕೈಗೆ ಸಿಗುವುದಿಲ್ಲ.

ದತ್ತು ತೆಗೆದುಕೊಳ್ಳುವವರಿಗೆ ಇರುವ ವಯಸ್ಸಿನ ಮಿತಿ ಈ ದಾರಿಯಲ್ಲಿ ಸಂಬಂಧಿಕರಿಗೆ ಅನ್ವಯಿಸುವುದಿಲ್ಲ. ದತ್ತು ತೆಗೆದುಕೊಂಡವರು ಮಗುವಿಗೆ ಹೆತ್ತವರ ಜೊತೆ, ಒಡಹುಟ್ಟಿದವರ ಜೊತೆ ಆಗಾಗ ಸಂಪರ್ಕ ಇರುವಂತೆ ನೋಡಿಕೊಳ್ಳಬೇಕು ಎಂದೂ ಬಾಲನ್ಯಾಯ ಕಾಯ್ದೆಯ 60ನೇ ಕಲಮು ಹೇಳುತ್ತದೆ. ಚಿಕ್ಕಮ್ಮ ಅಮ್ಮ ಆದಳು ಎಂದು ಅಮ್ಮ ಮರೆಯಾಗಬೇಕಿಲ್ಲ.

ಅಮೆರಿಕದ ಎರಡು ತೊಡಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ.

ಮೊದಲನೆಯದು. ಹೇಗ್ ದೇಶದಿಂದ ಬರುವ ಮಗುವಿಗೆ ಹೆತ್ತ ತಂದೆ ತಾಯಿ ಇಬ್ಬರೂ ಬದುಕಿದ್ದರೆ, ಆ ಇಬ್ಬರಿಗೂ ಮಗುವನ್ನು ಸರಿಯಾಗಿ ಸಾಕುವ ಶಕ್ತಿ ಇಲ್ಲ ಎಂದು ಅಮೆರಿಕಕ್ಕೆ ತೋರಿಸಬೇಕು. ತಿಪಟೂರಿನ ಅಕ್ಕ ಟೀಚರ್, ಭಾವನಿಗೆ ತೆಂಗಿನ ತೋಟ, ಇಬ್ಬರೂ ಆರೋಗ್ಯವಾಗಿದ್ದಾರೆ ಎಂದುಕೊಳ್ಳಿ. "ತಂಗಿಗೆ ಮಕ್ಕಳಿಲ್ಲ, ಪ್ರೀತಿಯಿಂದ ಕೊಡುತ್ತಿದ್ದೇವೆ" ಎಂದರೆ ನಮ್ಮ ಊರಿನಲ್ಲಿ ಅದು ದೊಡ್ಡ ಮನಸ್ಸು. ಅಮೆರಿಕದ ವಲಸೆ ಕಾನೂನಿಗೆ ಅದು ಸಾಲದು. "ಅಲ್ಲಿ ಚೆನ್ನಾಗಿ ಓದಲಿ" ಎಂಬುದಂತೂ ಕಾರಣವೇ ಅಲ್ಲ. ಅರ್ಜಿ ಇಲ್ಲೇ ನಿಂತುಬಿಡುತ್ತದೆ. ಅದಕ್ಕೇ ಹೇಳುವುದು, ಮಗುವಿನ ಕಿವಿಗೆ ಮಾತು ಹಾಕುವ ಮೊದಲು ಅಮೆರಿಕದ ಏಜೆನ್ಸಿಯನ್ನು ಕೇಳಿ. ಆಸೆ ಹುಟ್ಟಿಸಿ ಆಮೇಲೆ ಕಸಿಯುವುದು ಆರು ವರ್ಷದ ಮಗುವಿಗೆ ಮಾಡಬಾರದ ಕೆಲಸ.

ದತ್ತು ಆದೇಶ ಯಾವಾಗ ಆಯಿತು ಎಂಬುದನ್ನೂ ಅವರು ನೋಡುತ್ತಾರೆ. ಐ-800ಎ ಒಪ್ಪಿಗೆ ಮೊದಲು. ಆಮೇಲೆ ಆ ಮಗುವಿಗಾಗಿಯೇ ಹಾಕುವ ಐ-800 ಅರ್ಜಿ, ಅದಕ್ಕೆ ತಾತ್ಕಾಲಿಕ ಒಪ್ಪಿಗೆ. ಮಗುವಿಗೆ 16 ತುಂಬುವ ಮೊದಲೇ ಈ ಅರ್ಜಿ ಹೋಗಬೇಕು. ಇದೆಲ್ಲ ಆದ ಮೇಲೆ ಭಾರತದಲ್ಲಿ ದತ್ತು ಆದೇಶ. ಈ ಒಪ್ಪಿಗೆ ಬರುವ ಮುಂಚೆಯೇ ದತ್ತು ಪತ್ರ ಮಾಡಿಸಿಬಿಟ್ಟಿದ್ದರೆ ಅರ್ಜಿ ತಿರಸ್ಕಾರವಾಗಬಹುದು. ಹಳೆಯ ದತ್ತನ್ನು ರದ್ದು ಮಾಡಿಸಿಕೊಂಡು ಬನ್ನಿ ಎನ್ನುವ ಪರಿಸ್ಥಿತಿಯೂ ಬರಬಹುದು. ಹಿಂದೂ ಕಾಯ್ದೆಯಡಿ ಒಮ್ಮೆ ಸರಿಯಾಗಿ ಆದ ದತ್ತನ್ನು ತಂದೆತಾಯಿ ತಾವಾಗಿ ರದ್ದು ಮಾಡುವಂತಿಲ್ಲ. ಈ ಇಕ್ಕಟ್ಟು ಎಷ್ಟು ದೊಡ್ಡದು ಎಂದು ನೀವೇ ಊಹಿಸಿ.

ಎರಡನೆಯದು ಎಚ್-1ಬಿ ಎಂಬ ಕೆಲಸದ ವೀಸಾದವರ ಕಷ್ಟ. ಮೇಲೆ ಹೇಳಿದ ಐ-800 ದಾರಿ ಅಮೆರಿಕದ ಪೌರರಿಗೆ ಮಾತ್ರ. ಗಂಡ ಹೆಂಡತಿಯರಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಗ್ರೀನ್ ಕಾರ್ಡ್ ಇದ್ದರೂ ಆಗುವುದಿಲ್ಲ. ಎಚ್-1ಬಿಯಲ್ಲಿರುವವರು ಭಾರತದ ಲೆಕ್ಕದಲ್ಲಿ ಎನ್‌ಆರ್‌ಐ. ದತ್ತಿನ ಸರದಿಯಲ್ಲಿ ಅವರಿಗೆ ಇಲ್ಲಿರುವ ಭಾರತೀಯರಷ್ಟೇ ಆದ್ಯತೆ ಇದೆ. ಆದರೆ ಮಗುವನ್ನು ಎಚ್-4ರಲ್ಲಿ, ಅಂದರೆ ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ ಕರೆದೊಯ್ಯಬೇಕಾದರೆ, ಮಗುವಿಗೆ 16 ತುಂಬುವ ಮೊದಲೇ ದತ್ತು ಆಗಿರಬೇಕು. ಎರಡು ವರ್ಷ ಮಗು ಅವರ ಕಾನೂನುಬದ್ಧ ಸುಪರ್ದಿಯಲ್ಲಿರಬೇಕು, ಎರಡು ವರ್ಷ ಅವರ ಜೊತೆ ವಾಸ ಮಾಡಿರಬೇಕು. ಅಂದರೆ ಅಪ್ಪನೋ ಅಮ್ಮನೋ ಕೆಲಸ ಬಿಟ್ಟೋ, ಬದಲಾಯಿಸಿಕೊಂಡೋ ಎರಡು ವರ್ಷ ಭಾರತದಲ್ಲಿ ಮಗುವಿನ ಜೊತೆ ಇರಬೇಕಾಗಬಹುದು. ಇದು ಗೊತ್ತಿಲ್ಲದೆ ಮೂರು ವಾರದ ರಜೆ ಹಾಕಿ ಬಂದರೆ ಏನು ಗತಿ? ಹೊರಡುವ ಮೊದಲೇ ದತ್ತಿನ ವಿಷಯ ಬಲ್ಲ ಅಮೆರಿಕದ ವಲಸೆ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಆ ಫೀಸು ದಂಡವಲ್ಲ.

ಬ್ರಿಟನ್ನಿನಲ್ಲೂ ಇಂಥದೇ ಬಿಗಿ ಇದೆ. ಅಲ್ಲಿ ನೆಲೆಸಿರುವವರು ಅಲ್ಲಿನ ಪರಿಶೀಲನೆ ಮುಗಿಸದೆ, ಹೊರದೇಶದಲ್ಲಿ ಈಚೆಗೆ ದತ್ತು ಪಡೆದ ಮಗುವನ್ನು ಒಳಗೆ ತಂದರೆ ಅದು ಅಪರಾಧ. ಗಲ್ಫ್ ದೇಶಗಳಲ್ಲಿರುವ ಮಂಗಳೂರು, ಉಡುಪಿ, ಭಟ್ಕಳ ಕಡೆಯವರ ಪ್ರಶ್ನೆ ಬೇರೆ. ಯುಎಇಯಂಥ ದೇಶ ಹೇಗ್ ಒಪ್ಪಂದದಲ್ಲೇ ಇಲ್ಲ. ಇರುವ ದೇಶದಲ್ಲಿ ಮಾನ್ಯತೆ ಪಡೆದ ಏಜೆನ್ಸಿ ಇಲ್ಲದಿದ್ದರೆ, ಭಾರತೀಯ ಪೌರರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಬಹುದು ಎಂದು ನಮ್ಮ ನಿಯಮದಲ್ಲಿದೆ.

ಸಂಬಂಧವಿಲ್ಲದ ಮಗು

ಸಂಬಂಧಿಕರ ಮಗುವಲ್ಲದೆ ದತ್ತು ಸಂಸ್ಥೆಯಲ್ಲಿರುವ ಮಗುವನ್ನು ಪಡೆಯುವುದಾದರೆ ದಾರಿ ಬೇರೆ. ಮೊದಲು ಆ ಮಗು ದತ್ತಿಗೆ ಕಾನೂನಿನ ಪ್ರಕಾರ ಮುಕ್ತ ಎಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಬೇಕು. ಬಿಟ್ಟುಹೋದ ಮಗುವಾದರೆ ಹೆತ್ತವರನ್ನು ಹುಡುಕುವ ಪ್ರಯತ್ನ ಆಗಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಗುವಿಗೆ ನಾಲ್ಕು ತಿಂಗಳ ಅವಧಿ. ತಾಯಿಯೇ ಬಂದು ಸಮಿತಿಗೆ ಒಪ್ಪಿಸಿದ ಮಗುವಾದರೆ ಮತ್ತೆ ಯೋಚಿಸಲು ಅವಳಿಗೆ ಎರಡು ತಿಂಗಳು ಸಮಯ ಕೊಡುತ್ತಾರೆ.

ಆಮೇಲೂ ಮಗು ನೇರವಾಗಿ ವಿದೇಶಕ್ಕೆ ಹೋಗುವುದಿಲ್ಲ. ಭಾರತದಲ್ಲಿರುವವರು ಅಥವಾ ಎನ್‌ಆರ್‌ಐಗಳಲ್ಲಿ ಯಾರಾದರೂ ಸಿಗುತ್ತಾರಾ ಎಂದು 60 ದಿನ ನೋಡಬೇಕು. ಆಗದಿದ್ದರೆ ಮಾತ್ರ ಆ ಕಡೆಯ ಬಾಗಿಲು. ಅಂಗವೈಕಲ್ಯ ಅಥವಾ ಬುದ್ಧಿಮಾಂದ್ಯತೆ ಇರುವ ಮಕ್ಕಳು, ಒಟ್ಟಿಗೇ ಹೋಗಬೇಕಾದ ಅಣ್ಣತಮ್ಮ ಅಕ್ಕತಂಗಿಯರು, ಐದು ವರ್ಷ ದಾಟಿದವರು, ಇಂಥವರಿಗೆ ವಿದೇಶದ ದತ್ತಿನಲ್ಲಿ ಆದ್ಯತೆ ಕೊಡಬಹುದು. ಇಲ್ಲಿ ಮನಸ್ಸು ಭಾರವಾಗುತ್ತದೆ. ಆದ್ಯತೆಯ ನಿಯಮ ಬೇಕಾಗಿರುವುದೇ ನಮ್ಮಲ್ಲಿ ಎಲ್ಲರೂ ಆರೋಗ್ಯವಂತ ಎಳೆಗೂಸನ್ನೇ ಕೇಳುವುದರಿಂದ, ಅಲ್ವಾ?

ತಂದೆತಾಯಿ ಆಗುವವರ ಅರ್ಹತೆಯನ್ನೂ ಹೇಳಿಬಿಡುತ್ತೇನೆ. ದಂಪತಿಗೆ ಮದುವೆಯಾಗಿ ಕನಿಷ್ಠ ಎರಡು ವರ್ಷ ಆಗಿರಬೇಕು. ಮಗುವಿಗೂ ಇವರಿಗೂ ಕನಿಷ್ಠ 25 ವರ್ಷ ಅಂತರ ಬೇಕು. ಗಂಡ ಹೆಂಡತಿಯ ವಯಸ್ಸು ಕೂಡಿಸಿ ನೋಡುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಒಟ್ಟು 85 ಮೀರಬಾರದು. ಎರಡರಿಂದ ನಾಲ್ಕರವರೆಗೆ 90, ನಾಲ್ಕರಿಂದ ಎಂಟರವರೆಗೆ 100, ಎಂಟು ದಾಟಿದರೆ 110. ಒಂಟಿಯಾಗಿರುವವರಿಗೆ ಇದೇ ಕ್ರಮದಲ್ಲಿ 40, 45, 50, 55. ಒಂಟಿ ಹೆಂಗಸು ಗಂಡು ಹೆಣ್ಣು ಯಾವ ಮಗುವನ್ನಾದರೂ ಪಡೆಯಬಹುದು, ಒಂಟಿ ಗಂಡಸು ಹೆಣ್ಣು ಮಗುವನ್ನು ಪಡೆಯುವಂತಿಲ್ಲ. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವವರಿಗೆ ವಿಶೇಷ ಅಗತ್ಯದ ಮಕ್ಕಳು ಅಥವಾ ಮನೆ ಸಿಗುವುದು ಕಷ್ಟವಾಗಿರುವ ಮಕ್ಕಳನ್ನು ಮಾತ್ರ ಕೊಡುತ್ತಾರೆ.

ಅಡ್ಡದಾರಿ ಹಿಡಿದರೆ

"ಆಸ್ಪತ್ರೆಯಲ್ಲಿ ಒಂದು ಮಗು ಇದೆ. ಸರದಿ ಗಿರದಿ ಏನೂ ಬೇಡ, ಜನನ ಪ್ರಮಾಣಪತ್ರದಲ್ಲೇ ನಿಮ್ಮ ಹೆಸರು ಹಾಕಿಸಿಕೊಡ್ತೀವಿ." ಇಂಥ ಮಾತು ಯಾರಾದರೂ ಆಡಿದರೆ ಎದ್ದು ಬಂದುಬಿಡಿ. ಅದು ದತ್ತು ಅಲ್ಲ, ಮಗುವಿನ ಮಾರಾಟ. ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಲ್ಲಿ ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಸೆರೆವಾಸ, 1 ಲಕ್ಷ ರೂಪಾಯಿ ದಂಡ ಇದೆ. ಆಸ್ಪತ್ರೆ ಅಥವಾ ನರ್ಸಿಂಗ್ ಹೋಮ್‌ನವರೇ ಮಾರಿದ್ದರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೆ. ಸರಿಯಾದ ಆದೇಶ ಇಲ್ಲದೆ ಮಗುವನ್ನು ಹೊರದೇಶಕ್ಕೆ ಕರೆದೊಯ್ದರೆ ಅಥವಾ ಅದಕ್ಕೆ ಏರ್ಪಾಡು ಮಾಡಿದರೆ ಅದೂ ಶಿಕ್ಷೆಗೆ ಅರ್ಹ. ಸುಮ್ನೆ ಟೂರಿಸ್ಟ್ ವೀಸಾದಲ್ಲಿ ಕರೆದುಕೊಂಡು ಹೋಗಿ ಅಲ್ಲೇ ಇಟ್ಟುಕೊಳ್ಳೋಣ ಎನ್ನುವ ಯೋಚನೆಯೂ ಬೇಡ. ದೊಡ್ಡದಾದ ಮೇಲೆ ಕಾಗದವಿಲ್ಲದ ಬದುಕು ಬಾಳಬೇಕಾದದ್ದು ಆ ಮಗು.

ಹಣ ಕೊಡುವುದಿದ್ದರೆ ನಿಯಮದಲ್ಲಿರುವ ಶುಲ್ಕ ಮಾತ್ರ, ರಸೀದಿ ಜೊತೆಗೆ. ಯಾರೋ ಬಿಟ್ಟುಹೋದ ಮಗು ಸಿಕ್ಕರೆ ಇದ್ದಲ್ಲೇ ಬಿಡಬೇಡಿ, ಇಟ್ಟುಕೊಳ್ಳಲೂಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ತದ್ವಿರುದ್ಧವಾದ ದಾರಿಯೂ ಒಂದಿದೆ, ಕೇಳುವವರು ಕಡಿಮೆ. ಬೆಂಗಳೂರಿನ ದಂಪತಿ ಬೇರೆ ದೇಶದ ಮಗುವನ್ನು ದತ್ತು ಪಡೆದು ಇಲ್ಲಿಗೆ ತರುವುದು. ಆ ದೇಶದ ಕಾನೂನಿನ ಪ್ರಕಾರವೇ ದತ್ತು ನಡೆಯಬೇಕು. ಹೇಗ್ ಒಪ್ಪಂದದ ಪ್ರಕಾರ ಬೇಕಾದ ಒಪ್ಪಿಗೆಯನ್ನು ಕಾರಾ ಕೊಡಬೇಕು. ಮಗು ಬರುವುದು ವಿದೇಶಿ ಪಾಸ್‌ಪೋರ್ಟಿನಲ್ಲಾದ್ದರಿಂದ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಿಂದ ವೀಸಾ ಪಡೆಯಬೇಕು. ನಮ್ಮ ಗೃಹ ಸಚಿವಾಲಯದ ಅನುಮತಿಯೂ ಬೇಕು. ಬಾಗಿಲು ಮುಚ್ಚುತ್ತಿರುವ ದೇಶಗಳೂ ಇವೆ ಎಂಬುದು ನೆನಪಿರಲಿ. ಇಥಿಯೋಪಿಯಾ 2018ರಲ್ಲಿ ವಿದೇಶಿಯರಿಗೆ ದತ್ತು ಕೊಡುವುದನ್ನು ನಿಲ್ಲಿಸಿತು. ಚೀನಾ 2024ರಲ್ಲಿ, ರಕ್ತಸಂಬಂಧಿಗಳನ್ನು ಬಿಟ್ಟು ಉಳಿದವರಿಗೆ ಇಲ್ಲ ಎಂದಿತು. ಮಕ್ಕಳನ್ನು ಸ್ವೀಕರಿಸುತ್ತಿದ್ದ ನೆದರ್‌ಲೆಂಡ್ಸ್ ಕೂಡ ಹಳೆಯ ಅಕ್ರಮಗಳ ತನಿಖೆಯ ನಂತರ 2021ರಲ್ಲಿ ಹೊಸ ಅರ್ಜಿಗಳನ್ನು ತಡೆಹಿಡಿಯಿತು.

ಮಗು ಮನೆಗೆ ಬಂದ ಮೇಲೆ

ವಿಮಾನ ಇಳಿದ ಮೇಲೂ ಎರಡು ವರ್ಷ ಏಜೆನ್ಸಿಯವರು ಮನೆಗೆ ಬರುತ್ತಾರೆ. ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೇ ವರ್ಷ ಆರು ತಿಂಗಳಿಗೊಂದು ವರದಿ ಕಾರಾಗೆ ಹೋಗಬೇಕು. ಮಗು ಹೊಂದಿಕೊಂಡಿತಾ, ಶಾಲೆಗೆ ಹೋಗುತ್ತಿದೆಯಾ, ಆರೋಗ್ಯ ಹೇಗಿದೆ ಎಂದು. ಇದನ್ನು ಅನುಮಾನ ಎಂದುಕೊಳ್ಳಬೇಡಿ. 1984ಕ್ಕೆ ಮುಂಚೆ ಯಾರೂ ಕೇಳುತ್ತಿರಲಿಲ್ಲವಲ್ಲ, ಈಗ ಕೇಳುತ್ತಿದ್ದಾರೆ ಅಷ್ಟೇ.

ಪೌರತ್ವದ ಕಾಗದವನ್ನು ಮಾತ್ರ ಯಾವತ್ತೂ ನಾಳೆಗೆ ಹಾಕಬೇಡಿ. ಭಾರತದಲ್ಲೇ ದತ್ತು ಪೂರ್ತಿಯಾಗಿ ಐಎಚ್-3 ವೀಸಾದಲ್ಲಿ, ಪೌರರಾದ ತಂದೆ ಅಥವಾ ತಾಯಿಯ ಜೊತೆ ನೆಲೆಸಲು ಅಮೆರಿಕಕ್ಕೆ ಬಂದ, 18 ತುಂಬದ ಮಗುವಿಗೆ ಪೌರತ್ವ ತಾನಾಗಿ ಸಿಗುತ್ತದೆ. 2001ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾನೂನು ಇದಕ್ಕೆ ಆಧಾರ. ಅದಕ್ಕೆ ಮೊದಲೇ ದೊಡ್ಡವರಾಗಿದ್ದವರಿಗೆ ಈ ಭಾಗ್ಯ ಇರಲಿಲ್ಲ. ದತ್ತು ಪಡೆದ ತಂದೆತಾಯಿ ಅರ್ಜಿ ಹಾಕಲು ಮರೆತಿದ್ದರಿಂದ ಪೌರರಾಗದೇ ಉಳಿದವರಿದ್ದಾರೆ. ಅವರಲ್ಲಿ ಕೆಲವರನ್ನು ದೊಡ್ಡವರಾದ ಮೇಲೆ, ಭಾಷೆಯೂ ಗೊತ್ತಿಲ್ಲದ ಹುಟ್ಟಿದ ದೇಶಕ್ಕೆ ಗಡಿಪಾರು ಮಾಡಿದ್ದೂ ಇದೆ. ಪೌರತ್ವದ ಪ್ರಮಾಣಪತ್ರ, ಅಮೆರಿಕದ ಪಾಸ್‌ಪೋರ್ಟು ಎರಡೂ ಕೈಗೆ ಬರುವವರೆಗೆ ಬಿಡಬೇಡಿ. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಓಸಿಐ (ಭಾರತದ ಸಾಗರೋತ್ತರ ಪೌರ) ಕಾರ್ಡಿಗೂ ಅರ್ಜಿ ಹಾಕಿ.

ಎಲ್ಲ ಕಾಗದಗಳನ್ನೂ ಒಂದು ಫೈಲಿನಲ್ಲಿ ಜೋಡಿಸಿಡಿ. ದತ್ತು ಆದೇಶ, ಕಾರಾದ ಎನ್‌ಒಸಿ, ಹೇಗ್ ಪ್ರಮಾಣಪತ್ರ, ಮಗುವಿನ ಬಗ್ಗೆ ಸಂಸ್ಥೆಯವರು ಬರೆದ ಅಧ್ಯಯನ ವರದಿ, ವೈದ್ಯರ ವರದಿ, ಹಳೆಯ ಫೋಟೋಗಳು. ದತ್ತು ಹೋದ ಮಗು ದೊಡ್ಡದಾದ ಮೇಲೆ ತನ್ನ ಬೇರು ಹುಡುಕಲು ಕಾರಾಗೆ, ದತ್ತು ಸಂಸ್ಥೆಗೆ ತಾನೇ ಅರ್ಜಿ ಹಾಕಬಹುದು. ಅದರ ಪರವಾಗಿ ಮೂರನೆಯವರು ಹುಡುಕುವಂತಿಲ್ಲ. ಹೆತ್ತ ತಾಯಿ ಗುಟ್ಟಾಗಿರಲು ಬಯಸಿದ್ದರೆ ಅವಳ ಹೆಸರು ಹೇಳುವುದಿಲ್ಲ. ಯಾವ ಊರಿನಲ್ಲಿ ಸಿಕ್ಕಿತು, ಯಾವ ಸಂಸ್ಥೆಯಲ್ಲಿ ಬೆಳೆಯಿತು, ಯಾವ ವಯಸ್ಸಿನಲ್ಲಿ ಹೊರಟಿತು ಎಂಬುದು ಮಾತ್ರ ಆ ಫೈಲಿನಲ್ಲೇ ಇರುತ್ತದೆ. ಅದನ್ನು ಮಗುವಿನ ಕೈಗೆ ಸಿಗುವ ಕಡೆ ಇಡಿ.